ಮರ ಕತ್ತರಿಸುವ ಚಿಪ್ಪರ್ ಯಂತ್ರ: ಬೇರಿಂಗಿಗೆ ಗ್ರೀಸು ಎಷ್ಟು, ಯಾವಾಗ, ಹೇಗೆ?

ಗುಡೇಮಾರನಹಳ್ಳಿ (ಮಾಗಡಿ ತಾಲ್ಲೂಕು): ತೆಂಗಿನ ಒಣಗರಿ, ಸವರಿದ ಮಾವಿನ ರೆಂಬೆ, ಎಲೆ ಬಿಡಿಸಿದ ಹಿಪ್ಪುನೇರಳೆ ಕಡ್ಡಿ, ನೀಲಗಿರಿಯ ತುದಿಕೊಂಬೆ ಇವೆಲ್ಲ ಒಂದು ಕಾಲಕ್ಕೆ ಒಲೆಗೆ ಹೋಗುತ್ತಿದ್ದವು, ಇಲ್ಲವೇ ಬದುವಿನ ಮೇಲೆ ಬೆಂಕಿಗೆ ಆಹುತಿಯಾಗುತ್ತಿದ್ದವು. ಅಡುಗೆ ಅನಿಲ ಮನೆಮನೆಗೆ ಬಂದ ಮೇಲೆ ಒಲೆಯ ಬೇಡಿಕೆ ತಗ್ಗಿತು. ಕೂಲಿಯಾಳುಗಳ ಕೊರತೆಯಿಂದ ತೋಟದ ಕಸವನ್ನು ಕಡಿದು ಗುಂಡಿಗೆ ಹಾಕುವವರೂ ಕಡಿಮೆಯಾದರು. ಆ ಜಾಗವನ್ನು ಈಗ ತುಂಬುತ್ತಿರುವುದು ಕಡ್ಡಿ, ಕೊಂಬೆಗಳನ್ನು ಕ್ಷಣಮಾತ್ರದಲ್ಲಿ ಚೂರು ಮಾಡಿ ಉಗುಳುವ ಚಿಪ್ಪರ್ ಮತ್ತು ಶ್ರೆಡ್ಡರ್ ಯಂತ್ರಗಳು.

ಈ ಯಂತ್ರವನ್ನು ಕೊಳ್ಳುವವರು, ಬಾಡಿಗೆಗೆ ತರುವವರು ಸಾಮಾನ್ಯವಾಗಿ ವಿಚಾರಿಸುವುದು ಎಂಜಿನ್ ಎಷ್ಟು ಅಶ್ವಶಕ್ತಿಯದು, ಬ್ಲೇಡು ಎಷ್ಟು ದಿನ ಬಾಳುತ್ತದೆ ಎಂಬುದನ್ನು. ಬೇರಿಂಗಿನ ಬಗ್ಗೆ ಕೇಳುವವರು ವಿರಳ. ಆದರೆ ಹಂಗಾಮಿನ ನಡುವೆ ಯಂತ್ರವನ್ನು ಮೂಲೆಗೆ ಕೂರಿಸುವ ಕೆಡುಕುಗಳಲ್ಲಿ ಬೇರಿಂಗ್ ಸಿಕ್ಕಿಕೊಳ್ಳುವುದು ಮುಖ್ಯವಾದದ್ದು. ಸಾಧಾರಣ ಗಾತ್ರದ ಬೇರಿಂಗಿನ ಬೆಲೆ ಕೆಲವು ನೂರು ರೂಪಾಯಿ. ಅದು ಸಮಯಕ್ಕೆ ಬದಲಾಗದೆ ಶಾಫ್ಟನ್ನು ಕೊರೆದರೆ, ಬ್ಲೇಡು ಹೊತ್ತ ಡ್ರಮ್ಮು ಕವಚಕ್ಕೆ ಉಜ್ಜಿದರೆ ದುರಸ್ತಿಯ ಮೊತ್ತ ಸಾವಿರಗಳಿಗೆ ಏರುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಭಾರದ ಉಕ್ಕು ತನ್ನ ನೆಲೆ ತಪ್ಪಿದಾಗ ಅದರ ಎದುರು ನಿಂತವರ ಪ್ರಾಣಕ್ಕೆ ಅಪಾಯವಿದೆ.

<b>ಹಿನ್ನೆಲೆ</b>

ಕರ್ನಾಟಕಕ್ಕೆ ಚಿಪ್ಪರ್ ಹೊಸದಲ್ಲ. ಈಗ ಉತ್ಪಾದನೆ ನಿಲ್ಲಿಸಿರುವ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗಳಂಥ ಕಡೆ ಬಿದಿರು, ನೀಲಗಿರಿ, ಅಕೇಶಿಯಾ ದಿಮ್ಮಿಗಳನ್ನು ಚಕ್ಕೆ ಮಾಡುವ ಬೃಹತ್ ಚಿಪ್ಪರ್‌ಗಳು ದಶಕಗಳಿಂದ ಬಳಕೆಯಲ್ಲಿವೆ. ತೋಟಕ್ಕೆ ಎಳೆದೊಯ್ಯಬಹುದಾದ ಸಣ್ಣ ಯಂತ್ರಗಳು ಬಂದದ್ದು ಈಚೆಗೆ. 2014–15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ಯೋಜನೆಯಿಂದ ಯಂತ್ರವನ್ನು ಕೊಳ್ಳದೆ ಬಾಡಿಗೆಗೆ ಪಡೆಯುವ ಅಭ್ಯಾಸವೂ ಬೆಳೆಯಿತು. ತೆಂಗಿನ ಗರಿಯಿಂದ ಎರೆಗೊಬ್ಬರ ತಯಾರಿಸುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದಿದೆ. ಗಟ್ಟಿಯಾದ ಗರಿ, ಮಟ್ಟೆಗಳು ಚೂರಾದಷ್ಟೂ ಬೇಗ ಕಳಿಯುವುದರಿಂದ ತೆಂಗು ಬೆಳೆಗಾರರಿಗೆ ಈ ಯಂತ್ರ ಉಪಯುಕ್ತವೆನಿಸಿದೆ.

ನಗರದವರಿಗೂ ಈ ವಿಷಯ ದೂರದ್ದಲ್ಲ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ದೇಶದಾದ್ಯಂತ ನಿಷೇಧಿಸಿ, ಸಾಧಾರಣ ಪ್ರಕರಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಪಡಿಸಿತು. ಆ ಮೇಲೆ ಬಡಾವಣೆಗಳು, ವಸತಿ ಸಮುಚ್ಚಯಗಳು, ಶಾಲಾ ಕಾಲೇಜುಗಳ ಆವರಣಗಳಲ್ಲಿಯೂ ಎಲೆ, ಕೊಂಬೆಗಳನ್ನು ಪುಡಿ ಮಾಡುವ ಯಂತ್ರಗಳು ಕಾಣಿಸಿಕೊಂಡಿವೆ. ತೋಟದಲ್ಲಾಗಲಿ, ಸಮುಚ್ಚಯದ ಹಿತ್ತಿಲಲ್ಲಾಗಲಿ, ಬೇರಿಂಗಿನ ಆರೈಕೆಯ ನಿಯಮ ಒಂದೇ.

<b>ಬೇರಿಂಗ್ ಇರುವುದೆಲ್ಲಿ?</b>

ಚಿಪ್ಪರ್‌ನ ಒಳಗೆ ಬ್ಲೇಡುಗಳನ್ನು ಬೋಲ್ಟು ಹಾಕಿ ಕೂರಿಸಿದ ದಪ್ಪ ತಟ್ಟೆ ಅಥವಾ ಡ್ರಮ್ಮು ಇರುತ್ತದೆ. ಇದನ್ನು ಹೊತ್ತ ಶಾಫ್ಟಿನ ಎರಡು ತುದಿಗಳಲ್ಲಿ ಒಂದೊಂದು ಬೇರಿಂಗ್. ಯಂತ್ರದ ಅತಿ ಹೆಚ್ಚಿನ ಭಾರ, ಹೊಡೆತ ಬೀಳುವುದು ಈ ಎರಡರ ಮೇಲೆಯೇ. ಕೊಂಬೆಯನ್ನು ಒಳಗೆ ಎಳೆದುಕೊಳ್ಳುವ ರೋಲರ್‌ಗಳಿದ್ದರೆ ಅವಕ್ಕೂ ಬೇರಿಂಗುಗಳಿರುತ್ತವೆ. ಅವುಗಳ ವೇಗ ಕಡಿಮೆ, ಆದರೆ ಮಣ್ಣು ಮತ್ತು ನಾರು ಮೊದಲು ಮುತ್ತುವುದು ಅವನ್ನೇ. ಬೆಲ್ಟನ್ನು ಬಿಗಿ ಮಾಡುವ ಪುಲ್ಲಿ, ಟ್ರ್ಯಾಕ್ಟರ್‌ನಿಂದ ಶಕ್ತಿ ತರುವ ಪಿಟಿಒ ಶಾಫ್ಟಿನ ಕೀಲುಗಳು, ಗಾಡಿಯ ಚಕ್ರಗಳು ಇವೂ ಗ್ರೀಸು ಬೇಡುವ ಜಾಗಗಳೇ.

ಸಣ್ಣ ಹಾಗೂ ಮಧ್ಯಮ ಯಂತ್ರಗಳಲ್ಲಿ ಎರಕದ ಕಬ್ಬಿಣದ ಪೀಠದಲ್ಲಿ ಕುಳಿತ ‘ಯುಸಿಪಿ’ ಮಾದರಿಯ ಬೇರಿಂಗ್ ಸಾಮಾನ್ಯ. ಅಂಗಡಿಯಲ್ಲಿ ಇದನ್ನು ಪಿಲ್ಲೋ ಬ್ಲಾಕ್ ಅಥವಾ ಪ್ಲಮ್ಮರ್ ಬ್ಲಾಕ್ ಎಂದು ಕೇಳಿದರೂ ಕೊಡುತ್ತಾರೆ. ಅದರ ಮೇಲಿನ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಶಾಫ್ಟಿನ ವ್ಯಾಸ ಮಿಲಿಮೀಟರ್‌ನಲ್ಲಿ ದೊರೆಯುತ್ತದೆ. ಯುಸಿಪಿ 206 ಎಂದರೆ 30 ಮಿ.ಮೀ., 208 ಎಂದರೆ 40 ಮಿ.ಮೀ. ದೊಡ್ಡ ಯಂತ್ರಗಳಲ್ಲಿ ಗುಂಡುಗಳ ಬದಲು ಪೀಪಾಯಿ ಆಕಾರದ ರೋಲರ್‌ಗಳ ಎರಡು ಸಾಲುಗಳಿರುವ ಬೇರಿಂಗನ್ನು ಬಳಸುತ್ತಾರೆ. ಉದಾಹರಣೆಗೆ, 22211 ಎಂಬ ಬೇರಿಂಗಿನ ಒಳವ್ಯಾಸ 55, ಹೊರವ್ಯಾಸ 100, ಅಗಲ 25 ಮಿ.ಮೀ.

ಈ ಎರಡೂ ಬಗೆಗಳ ವಿಶೇಷವೆಂದರೆ ಶಾಫ್ಟು ತುಸು ಓರೆಯಾದರೂ ತಾವೇ ಹೊಂದಿಕೊಳ್ಳುವುದು. ಈ ಗುಣದ ಹಿಂದೊಂದು ಇತಿಹಾಸವಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಜವಳಿ ಗಿರಣಿಯೊಂದರಲ್ಲಿ ಜೇಡಿಮಣ್ಣಿನ ನೆಲ ಕುಸಿದು ಉದ್ದನೆಯ ಶಾಫ್ಟುಗಳು ಪದೇ ಪದೇ ಓರೆಯಾಗಿ ಬೇರಿಂಗುಗಳು ಕೆಡುತ್ತಿದ್ದವು. ಗಿರಣಿಯ ಯಂತ್ರಗಳ ನಿರ್ವಹಣೆಯ ಹೊಣೆ ಹೊತ್ತಿದ್ದ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ ಇದಕ್ಕೆ ಪರಿಹಾರವಾಗಿ 1907ರಲ್ಲಿ ತಾನಾಗಿ ಹೊಂದಿಕೊಳ್ಳುವ ಗುಂಡಿನ ಬೇರಿಂಗನ್ನು ರೂಪಿಸಿದರು. ಅದೇ ವರ್ಷ ಎಸ್‌ಕೆಎಫ್ ಕಂಪನಿ ಸ್ಥಾಪನೆಯಾಯಿತು. ತೋಟದ ಉಬ್ಬುತಗ್ಗಿನ ನೆಲದಲ್ಲಿ ನಿಂತು ನಡುಗುವ ಚಿಪ್ಪರ್‌ಗೆ ಇಂದಿಗೂ ಅದೇ ಗುಣ ಬೇಕಾಗಿದೆ.

<b>ಕೆಡುವುದೇಕೆ?</b>

ಟ್ರ್ಯಾಕ್ಟರ್‌ನ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ ಎಂದುಕೊಳ್ಳೋಣ. ಪುಲ್ಲಿಗಳ ಮೂಲಕ ಅದನ್ನು ಮೂರು ಪಟ್ಟು ಹೆಚ್ಚಿಸಿದರೆ ಡ್ರಮ್ಮು 1,620 ಸುತ್ತು ತಿರುಗುತ್ತದೆ. ಗಂಟೆಗೆ 97,200 ಸುತ್ತು, ಎಂಟು ಗಂಟೆಯ ಕೆಲಸಕ್ಕೆ ಏಳೂಮುಕ್ಕಾಲು ಲಕ್ಷ ಸುತ್ತು. ಇಷ್ಟು ಸುತ್ತುಗಳಲ್ಲಿ ಗುಂಡಿಗೂ ಅದು ಉರುಳುವ ಹಾದಿಗೂ ನಡುವೆ ಇರುವುದು ಕೂದಲೆಳೆಗಿಂತಲೂ ಎಷ್ಟೋ ತೆಳುವಾದ ಎಣ್ಣೆಯ ಪೊರೆ. ಆ ಪೊರೆ ಹರಿದಾಗ ಉಕ್ಕಿಗೆ ಉಕ್ಕು ತಾಗಿ ಸವೆತ ಆರಂಭವಾಗುತ್ತದೆ.

ಪೊರೆ ಹರಿಯಲು ಕಾರಣಗಳು ಹಲವು. ಚಿಪ್ಪರ್‌ನ ಮಟ್ಟಿಗೆ ಮೊದಲನೆಯದು ದೂಳು. ಮರದ ಪುಡಿ ಗ್ರೀಸಿನಲ್ಲಿರುವ ಎಣ್ಣೆಯನ್ನು ಹೀರಿ ಅದನ್ನು ಗಟ್ಟಿ ಮಾಡುತ್ತದೆ. ಕೊಂಬೆಗೆ ಅಂಟಿದ ಮಣ್ಣು, ಮರಳು ಉಕ್ಕನ್ನು ಅರೆಯುತ್ತದೆ. ಬೇರುಸಮೇತ ಕಿತ್ತ ಗಿಡಗಳನ್ನು ಮಣ್ಣು ಕೊಡವದೆ ಯಂತ್ರಕ್ಕೆ ಹಾಕಿದರೆ ಬ್ಲೇಡಿನೊಂದಿಗೆ ಬೇರಿಂಗೂ ಬೇಗ ಹಾಳಾಗುತ್ತದೆ.

ಎರಡನೆಯದು ನಾರು. ತೆಂಗಿನ ಮಟ್ಟೆಯ ನಾರು ಹಾಗೂ ನೀಲಗಿರಿಯ ಉದ್ದುದ್ದ ಸುಲಿಯುವ ತೊಗಟೆ ಶಾಫ್ಟಿಗೆ ಸುತ್ತಿಕೊಂಡು ಬೇರಿಂಗಿನ ರಬ್ಬರ್ ಸೀಲನ್ನು ಒತ್ತುತ್ತವೆ. ಕ್ರಮೇಣ ಸೀಲು ಹರಿದು ಗ್ರೀಸು ಹೊರಬರುತ್ತದೆ, ದೂಳು ಒಳಹೋಗುತ್ತದೆ. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ ಹಳೆಯ ತೋಪುಗಳನ್ನು ತೆಗೆಯುವ ಕೆಲಸದಲ್ಲಿ ಈ ತೊಗಟೆಯ ತೊಂದರೆ ಎದುರಾಗುತ್ತದೆ.

ಮೂರನೆಯದು ನೀರು. ಹಸಿ ಸೊಪ್ಪಿನ ರಸ, ಮಳೆ, ಅದಕ್ಕಿಂತ ಮಿಗಿಲಾಗಿ ಯಂತ್ರ ತೊಳೆಯಲು ಬಳಸುವ ಒತ್ತಡದ ನೀರು ಸೀಲನ್ನು ದಾಟಿ ಒಳಸೇರಿ ತುಕ್ಕು ಹಿಡಿಸುತ್ತದೆ. ಬೇರಿಂಗಿನ ಬಾಯಿಗೆ ನೇರವಾಗಿ ನೀರು ಹಾಯಿಸಲೇಬಾರದು.

ನಾಲ್ಕನೆಯದು ಅಸಮತೋಲನ. ಬ್ಲೇಡುಗಳನ್ನು ಸಾಣೆ ಹಿಡಿಸುವಾಗ ಒಂದು ಹೆಚ್ಚು, ಇನ್ನೊಂದು ಕಡಿಮೆ ಸವೆದರೆ ತೂಕ ವ್ಯತ್ಯಾಸವಾಗುತ್ತದೆ. ಮಧ್ಯದಿಂದ 20 ಸೆಂ.ಮೀ. ದೂರದಲ್ಲಿ ಕೇವಲ 50 ಗ್ರಾಂ ವ್ಯತ್ಯಾಸವಿದ್ದರೂ ನಿಮಿಷಕ್ಕೆ 1,500 ಸುತ್ತಿನ ವೇಗದಲ್ಲಿ ಅದು ಸುಮಾರು 25 ಕಿಲೋ ತೂಕದಷ್ಟು ಬಲವಾಗಿ ಪ್ರತಿ ಸುತ್ತಿಗೂ ಬೇರಿಂಗನ್ನು ಜಗ್ಗುತ್ತದೆ. ಆದ್ದರಿಂದ ಎದುರು ಬದುರಿನ ಬ್ಲೇಡುಗಳನ್ನು ಜೊತೆಯಾಗಿಯೇ ಸಾಣೆ ಹಿಡಿಸಿ, ತಕ್ಕಡಿಯಲ್ಲಿ ತೂಗಿ, ಜೊತೆಯಾಗಿಯೇ ಬದಲಾಯಿಸಬೇಕು.

ಐದನೆಯದು ಬೆಲ್ಟಿನ ಅತಿಯಾದ ಬಿಗಿತ. ಗುಂಡಿನ ಬೇರಿಂಗಿನ ಮೇಲಿನ ಭಾರ ಎರಡು ಪಟ್ಟಾದರೆ ಅದರ ಲೆಕ್ಕಾಚಾರದ ಆಯುಷ್ಯ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಲ್ಟು ಜಾರುತ್ತಿದೆಯೆಂದು ಮತ್ತೆ ಮತ್ತೆ ಎಳೆದು ಕಟ್ಟುವುದಕ್ಕಿಂತ ಮೊಂಡಾದ ಬ್ಲೇಡನ್ನು ಸಾಣೆ ಹಿಡಿಸುವುದು ಲೇಸು.

<b>ಯಾವ ಗ್ರೀಸು?</b>

ಗ್ರೀಸು ಎಂದರೆ ಎಣ್ಣೆಯನ್ನು ಹಿಡಿದಿಟ್ಟುಕೊಂಡ ಸಾಬೂನು. ಕೆಲಸ ಮಾಡುವುದು ಎಣ್ಣೆ. ಸಾಬೂನು ಅದನ್ನು ಸ್ಪಂಜಿನಂತೆ ಹಿಡಿದಿಟ್ಟು ಬೇಕಾದಷ್ಟೇ ಬಿಟ್ಟುಕೊಡುತ್ತದೆ. ಕ್ಯಾಲ್ಸಿಯಂ ಸಾಬೂನಿನ ಹಳೆಯ ಮಾದರಿಯ ಗ್ರೀಸು ನೀರಿಗೆ ಜಗ್ಗುವುದಿಲ್ಲ, ಆದರೆ ಶಾಖ ತಾಳುವುದಿಲ್ಲ. ಚಿಪ್ಪರ್‌ನ ಮುಖ್ಯ ಶಾಫ್ಟಿಗೆ ಲಿಥಿಯಂ ಗ್ರೀಸು ಸೂಕ್ತ. ಇದು ಕರಗಿ ಹನಿಯಾಗುವುದು 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಲಿಥಿಯಂ ಕಾಂಪ್ಲೆಕ್ಸ್ ಗ್ರೀಸು ಇದಕ್ಕಿಂತಲೂ ಹೆಚ್ಚು ಶಾಖ ತಡೆಯುತ್ತದೆ. ಆದರೆ ಈ ಅಂಕಿಯನ್ನು ಕಂಡು ಅಷ್ಟು ಶಾಖದಲ್ಲಿ ಯಂತ್ರ ಓಡಿಸಬಹುದೆಂದು ತಿಳಿಯಬಾರದು. ಬಳಕೆಯ ಮಿತಿ ಅದಕ್ಕಿಂತ ಬಹಳ ಕೆಳಗಿದೆ.

ಗ್ರೀಸಿನ ಗಟ್ಟಿತನವನ್ನು ಎನ್‌ಎಲ್‌ಜಿಐ ಸಂಖ್ಯೆಯಿಂದ ಗುರುತಿಸುತ್ತಾರೆ. ತೀರಾ ನೀರಾದ 000ರಿಂದ ಇಟ್ಟಿಗೆಯಂತೆ ಗಟ್ಟಿಯಾದ 6ರವರೆಗೆ ಇದರ ಶ್ರೇಣಿ. ಚಿಪ್ಪರ್ ಬೇರಿಂಗಿಗೆ ಸಾಮಾನ್ಯವಾಗಿ 2 ಸಂಖ್ಯೆಯ ಗ್ರೀಸನ್ನು ಶಿಫಾರಸು ಮಾಡುತ್ತಾರೆ. ನಮ್ಮ ಆಟೊಮೊಬೈಲ್ ಅಂಗಡಿಗಳಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ‘ಎಪಿ–3’, ಅಂದರೆ 3 ಸಂಖ್ಯೆಯ ಸರ್ವೋಪಯೋಗಿ ಗ್ರೀಸು. ಇದು ಚಕ್ರದ ಬೇರಿಂಗಿಗೆ ಒಪ್ಪುತ್ತದೆ. ಮುಖ್ಯ ಶಾಫ್ಟಿಗೆ ಯಂತ್ರದ ಕೈಪಿಡಿ 2 ಎಂದು ಹೇಳಿದ್ದರೆ ಅದನ್ನೇ ಕೇಳಿ ತರುವುದು ಒಳಿತು. ಹೊಡೆತದ ಭಾರ ಇರುವುದರಿಂದ ಹೆಸರಿನಲ್ಲಿ ‘ಇಪಿ’ ಎಂಬ ಗುರುತಿರುವ, ಅಂದರೆ ಅಧಿಕ ಒತ್ತಡ ತಾಳುವ ರಾಸಾಯನಿಕ ಬೆರೆಸಿದ ಗ್ರೀಸು ಇನ್ನೂ ಉತ್ತಮ. ಇಂಡಿಯನ್ ಆಯಿಲ್, ಹಿಂದೂಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಸಂಸ್ಥೆಗಳ ಲಿಥಿಯಂ ಗ್ರೀಸುಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ದೊರೆಯುತ್ತವೆ.

ಗ್ರೀಸಿನ ಬಣ್ಣ ಅದರ ಗುಣವನ್ನು ಹೇಳುವುದಿಲ್ಲ. ಕೆಂಪು, ನೀಲಿ, ಹಳದಿ ಎಲ್ಲವೂ ತಯಾರಕರು ಬೆರೆಸುವ ಬಣ್ಣ. ಗ್ರಾಫೈಟ್ ಬೆರೆತ ಕಪ್ಪು ಗ್ರೀಸು ಸ್ಪ್ರಿಂಗ್ ಪಟ್ಟಿಗಳಿಗೆ, ತೆರೆದ ಗಿಯರ್‌ಗಳಿಗೆ ಮೀಸಲು. ವೇಗವಾಗಿ ತಿರುಗುವ ಬೇರಿಂಗಿಗೆ ಅದನ್ನು ಹಾಕಬಾರದು. ಎರಡು ಬಗೆಯ ಗ್ರೀಸುಗಳನ್ನು ಬೆರೆಸುವುದೂ ತಪ್ಪು. ಲಿಥಿಯಂ ಗ್ರೀಸಿಗೆ ಜೇಡಿ ಆಧಾರಿತ ಅಥವಾ ಪಾಲಿಯೂರಿಯಾ ಗ್ರೀಸು ಸೇರಿದರೆ ಎರಡೂ ತೆಳುವಾಗಿ ಹರಿದುಹೋಗುವ ಸಂಭವವಿದೆ. ಹೊಸ ಗ್ರೀಸಿಗೆ ಬದಲಾಗುವವರು ಹಳೆಯದನ್ನು ಪೂರ್ತಿ ತೆಗೆದು ತೊಳೆದ ಮೇಲೆಯೇ ಬದಲಾಗಬೇಕು.

<b>ಎಷ್ಟು ಹಾಕಬೇಕು?</b>

ಗ್ರೀಸು ಹೆಚ್ಚಾದರೆ ನಷ್ಟವೇನು ಎಂಬ ಭಾವನೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಗೂಡು ಪೂರ್ತಿ ತುಂಬಿದರೆ ವೇಗವಾಗಿ ತಿರುಗುವ ಗುಂಡುಗಳು ಗ್ರೀಸನ್ನು ಮಜ್ಜಿಗೆಯಂತೆ ಕಡೆಯುತ್ತವೆ. ಅದರಿಂದ ಶಾಖ ಏರಿ ಎಣ್ಣೆ ಬೇರ್ಪಟ್ಟು ಸೋರುತ್ತದೆ, ಒತ್ತಡಕ್ಕೆ ಸೀಲು ಹೊರಬರುತ್ತದೆ. ಹೊಸ ಬೇರಿಂಗ್ ಕೂರಿಸುವಾಗ ಬೇರಿಂಗಿನೊಳಗೆ ಗುಂಡುಗಳ ನಡುವೆ ಗ್ರೀಸು ತುಂಬಿ, ಸುತ್ತಲಿನ ಗೂಡಿನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟನ್ನು ಮಾತ್ರ ತುಂಬುವುದು ರೂಢಿ.

ಆಗಾಗ ಸೇರಿಸುವ ಪ್ರಮಾಣಕ್ಕೆ ಸರಳ ಸೂತ್ರವಿದೆ. ಬೇರಿಂಗಿನ ಹೊರವ್ಯಾಸ ಮತ್ತು ಅಗಲಗಳನ್ನು ಮಿಲಿಮೀಟರ್‌ನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 0.005ರಿಂದ ಗುಣಿಸಿದರೆ ಎಷ್ಟು ಗ್ರಾಂ ಬೇಕೆಂಬುದು ತಿಳಿಯುತ್ತದೆ. ಹೊರವ್ಯಾಸ 80, ಅಗಲ 18 ಇರುವ 6208 ಬೇರಿಂಗಿಗೆ 7.2 ಗ್ರಾಂ. ಮೇಲೆ ಹೇಳಿದ 22211 ಬೇರಿಂಗಿಗೆ 12.5 ಗ್ರಾಂ. ರೋಲರ್ ಬೇರಿಂಗಿನ ಹೊರಬಳೆಯ ಮಧ್ಯದ ತೂತಿನಿಂದಲೇ ಗ್ರೀಸು ಹೋಗುವ ವ್ಯವಸ್ಥೆಯಿದ್ದರೆ 0.005ರ ಬದಲು 0.002 ಸಾಕು. ಆಗ 22211ಕ್ಕೆ 5 ಗ್ರಾಂ ಆಗುತ್ತದೆ.

ಗ್ರಾಂ ಲೆಕ್ಕ ಗ್ಯಾರೇಜಿನಲ್ಲಿ ಹೇಗೆ ಎಂಬ ಪ್ರಶ್ನೆಗೂ ಉತ್ತರವಿದೆ. ಗ್ರೀಸ್ ಗನ್ನಿನ ಹಿಡಿಯನ್ನು ಹತ್ತು ಬಾರಿ ಒತ್ತಿ ಹೊರಬಂದ ಗ್ರೀಸನ್ನು ಕಾಗದದ ಮೇಲೆ ಹಿಡಿದು ಚಿನ್ನಬೆಳ್ಳಿ ಅಥವಾ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಬೇಕು. ಹತ್ತರಿಂದ ಭಾಗಿಸಿದರೆ ಒಂದು ಒತ್ತಿಗೆ ಎಷ್ಟು ಗ್ರಾಂ ಎಂಬುದು ಸಿಗುತ್ತದೆ. ಅದನ್ನು ಗನ್ನಿನ ಮೇಲೆಯೇ ಬರೆದಿಟ್ಟರೆ ಮುಂದೆ ಒತ್ತುಗಳನ್ನು ಎಣಿಸಿದರೆ ಸಾಕು.

ಕೆಲವು ಬೇರಿಂಗುಗಳಿಗೆ ಗ್ರೀಸು ತುಂಬುವ ಅವಕಾಶವೇ ಇರುವುದಿಲ್ಲ. ಸಂಖ್ಯೆಯ ಕೊನೆಯಲ್ಲಿ ‘2ಆರ್‌ಎಸ್’ ಅಥವಾ ‘ಝಡ್‌ಝಡ್’ ಎಂಬ ಗುರುತಿದ್ದರೆ ಎರಡೂ ಬದಿ ಮುಚ್ಚಿದ, ಕಾರ್ಖಾನೆಯಲ್ಲಿಯೇ ಗ್ರೀಸು ತುಂಬಿದ ಬೇರಿಂಗ್ ಎಂದರ್ಥ. ಅದರ ಮುಚ್ಚಳ ಕಿತ್ತು ಗ್ರೀಸು ತುಂಬುವ ಸಾಹಸ ಬೇಡ. ಕೆಟ್ಟಾಗ ಬದಲಾಯಿಸುವುದೇ ಸರಿ.

<b>ಯಾವಾಗ?</b>

ಇದಕ್ಕೆ ಎಲ್ಲ ಯಂತ್ರಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಯಂತ್ರದೊಂದಿಗೆ ಬರುವ ಕೈಪಿಡಿಯೇ ಪ್ರಮಾಣ. ಕೆಲವು ತಯಾರಕರು ದಿನದ ಎಂಟು ಗಂಟೆಯ ಕೆಲಸಕ್ಕೊಮ್ಮೆ ಎಂದರೆ, ಇನ್ನು ಕೆಲವರು ಐವತ್ತು ಗಂಟೆಗೊಮ್ಮೆ ಎನ್ನುತ್ತಾರೆ. ದೂಳು, ತೇವ ಹೆಚ್ಚಿರುವೆಡೆ ಅಪರೂಪಕ್ಕೊಮ್ಮೆ ಬಹಳ ಹಾಕುವುದಕ್ಕಿಂತ ಆಗಾಗ ಸ್ವಲ್ಪ ಸ್ವಲ್ಪ ಹಾಕುವುದು ಮೇಲು. ಹೊಸ ಗ್ರೀಸು ಸೀಲಿನ ಅಂಚಿನಲ್ಲಿ ಕುಳಿತು ದೂಳಿಗೆ ತಡೆಯಾಗುತ್ತದೆ.

ಶಾಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇರಿಂಗಿನ ಶಾಖ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿ ಏರಿಕೆಗೂ ಗ್ರೀಸಿನ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಬೇರಿಂಗ್ ತಯಾರಕರು ಅನುಸರಿಸುವ ನಿಯಮ. 70ರಲ್ಲಿ ನೂರು ಗಂಟೆ ಬಾಳುವ ಗ್ರೀಸು 85ರಲ್ಲಿ ಐವತ್ತು, 100ರಲ್ಲಿ ಇಪ್ಪತ್ತೈದು ಗಂಟೆಗೆ ಮುಗಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಬಿಡುವಿಲ್ಲದೆ ಓಡುವ ಯಂತ್ರದ ಅವಧಿಯನ್ನು ಇದಕ್ಕೆ ತಕ್ಕಂತೆ ಕಡಿತಗೊಳಿಸಬೇಕು.

ಯಂತ್ರದಲ್ಲಿ ಗಂಟೆ ಎಣಿಸುವ ಮೀಟರ್ ಇಲ್ಲದಿದ್ದರೆ ಪುಟ್ಟ ನೋಟ್‌ಬುಕ್ ಸಾಕು. ದಿನಾಂಕ, ಓಡಿದ ಗಂಟೆ, ಯಾವ ಬೇರಿಂಗಿಗೆ ಎಷ್ಟು ಒತ್ತು ಗ್ರೀಸು ಎಂದು ಬರೆಯುವ ರೂಢಿ ಇಟ್ಟುಕೊಂಡರೆ, ಕೈ ಬದಲಾದರೂ ಲೆಕ್ಕ ತಪ್ಪುವುದಿಲ್ಲ.

<b>ತುಂಬುವ ಕ್ರಮ</b>

1. ಎಂಜಿನ್ ನಿಲ್ಲಿಸಿ ಕೀಲಿ ತೆಗೆದಿಟ್ಟುಕೊಳ್ಳಬೇಕು. ಪೆಟ್ರೋಲ್ ಎಂಜಿನ್ನಾದರೆ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಬೇಕು. ಟ್ರ್ಯಾಕ್ಟರ್ ಆದರೆ ಪಿಟಿಒ ಬಿಡಿಸಬೇಕು. ವಿದ್ಯುತ್ ಮೋಟಾರ್ ಆದರೆ ಮುಖ್ಯ ಸ್ವಿಚ್ಚು ತೆಗೆದು ಬೀಗ ಹಾಕಬೇಕು.

2. ಎಂಜಿನ್ ನಿಂತರೂ ಡ್ರಮ್ಮು ತನ್ನ ಭಾರದ ವೇಗಕ್ಕೆ ಬಹಳ ಹೊತ್ತು ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತ ಮೇಲೆ ಮರದ ತುಂಡು ಕೊಟ್ಟು ತಿರುಗದಂತೆ ಮಾಡಿದ ನಂತರವೇ ಕವಚ ತೆರೆಯಬೇಕು.

3. ಗ್ರೀಸ್ ನಿಪ್ಪಲ್ ಮತ್ತು ಗನ್ನಿನ ಬಾಯನ್ನು ಬಟ್ಟೆಯಿಂದ ಒರೆಸಬೇಕು. ನಿಪ್ಪಲ್ ಮೇಲಿನ ಪುಡಿಯನ್ನು ಒರೆಸದೆ ಒತ್ತಿದರೆ ಗ್ರೀಸಿನ ಮುಂದೆ ದೂಳೇ ಬೇರಿಂಗಿನೊಳಗೆ ಹೋಗುತ್ತದೆ.

4. ಗನ್ನಿನ ಬಾಯಿಂದ ಸ್ವಲ್ಪ ಗ್ರೀಸನ್ನು ಹೊರಕ್ಕೆ ಒತ್ತಿ ಒರೆಸಿ ಹಾಕಬೇಕು.

5. ಎಣಿಸಿಕೊಂಡು ನಿಧಾನವಾಗಿ ಒತ್ತಬೇಕು. ಕೈಗನ್ನು ಉಂಟುಮಾಡುವ ಒತ್ತಡ ಸೀಲನ್ನು ಕಿತ್ತೆಸೆಯುವಷ್ಟು ಪ್ರಬಲ. ಹಿಡಿ ಬಿಗಿಯಾದರೆ ಬಲ ಹಾಕದೆ ನಿಪ್ಪಲ್ ಬಿಚ್ಚಿ ನೋಡಬೇಕು. ಒಳಗೆ ಒಣಗಿದ ಗ್ರೀಸು ಕಟ್ಟಿಕೊಂಡಿರಬಹುದು.

6. ನಡುನಡುವೆ, ಕೈಗೆ ಬ್ಲೇಡು ತಾಗದಂತೆ, ಪುಲ್ಲಿಯ ಕಡೆಯಿಂದ ಶಾಫ್ಟನ್ನು ಒಂದೆರಡು ಸುತ್ತು ತಿರುಗಿಸಿದರೆ ಗ್ರೀಸು ಎಲ್ಲೆಡೆ ಹರಡುತ್ತದೆ.

7. ಹೊರಬಂದ ಹಳೆಯ ಗ್ರೀಸನ್ನು ಒರೆಸಿ, ಕವಚಗಳನ್ನೆಲ್ಲ ಮತ್ತೆ ಬಿಗಿದು, ಕೊಂಬೆ ಹಾಕದೆ 10–15 ನಿಮಿಷ ಯಂತ್ರ ಓಡಿಸಬೇಕು. ಗ್ರೀಸು ಹಾಕಿದ ಕೂಡಲೇ ಶಾಖ ತುಸು ಏರಿ ಮತ್ತೆ ಇಳಿಯುವುದು ಸಹಜ. ಇಳಿಯದೆ ಏರುತ್ತಲೇ ಇದ್ದರೆ ಗ್ರೀಸು ಹೆಚ್ಚಾಗಿದೆ, ಇಲ್ಲವೇ ಬೇರಿಂಗ್ ಕೆಟ್ಟಿದೆ.

ಗ್ರೀಸ್ ಗನ್ನಿನ ಬಾಯಿಗೆ ಬೆರಳು ಅಡ್ಡ ಹಿಡಿದು ಪರೀಕ್ಷಿಸಬಾರದು. ಒತ್ತಡದ ಗ್ರೀಸು ಚರ್ಮ ತೂರಿ ಒಳಹೊಕ್ಕರೆ ಮೇಲೆ ಸೂಜಿಮೊನೆಯಷ್ಟು ಗಾಯ ಕಂಡರೂ ಒಳಗೆ ಅಂಗಾಂಶ ಕೊಳೆಯಬಹುದು. ನೋವಿಲ್ಲವೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

<b>ಕೆಡುವ ಮುನ್ಸೂಚನೆಗಳು</b>

ಬೇರಿಂಗ್ ಒಮ್ಮೆಲೇ ಕೆಡುವುದು ಅಪರೂಪ. ಮೊದಲು ಸೂಚನೆ ಕೊಡುತ್ತದೆ. ಯಂತ್ರ ಖಾಲಿ ಓಡುವಾಗ ಸಿಳ್ಳೆಯಂಥ ಸದ್ದು ಬಂದರೆ ಗ್ರೀಸು ಸಾಲದೆಂದು ಶಂಕಿಸಬಹುದು. ಗರಗರ ಸದ್ದು ಬಂದರೆ ಗುಂಡು ಅಥವಾ ಹಾದಿಯಲ್ಲಿ ಚಕ್ಕೆ ಎದ್ದಿರುವ ಸಾಧ್ಯತೆ ಇದೆ. ಯಂತ್ರ ನಿಲ್ಲಿಸಿದ ಕೂಡಲೇ ಗೂಡಿನ ಮೇಲೆ ಅಂಗೈ ಇಟ್ಟು ಕೆಲವು ಸೆಕೆಂಡು ತಡೆಯಲಾಗದಿದ್ದರೆ ಶಾಖ 60 ಡಿಗ್ರಿ ಸಮೀಪ ಅಥವಾ ಅದಕ್ಕಿಂತ ಹೆಚ್ಚಿದೆ ಎಂದು ತಿಳಿಯಬೇಕು. ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ನಿಖರ. ಎರಡೂ ಬದಿಯ ಬೇರಿಂಗುಗಳನ್ನು ಅಳೆದು ಹೋಲಿಸುವುದು ಮುಖ್ಯ. ಒಂದು ಬದಿ ಮಾತ್ರ ಬಿಸಿಯಾಗಿದ್ದರೆ ದೋಷ ಅಲ್ಲಿದೆ.

ಹೊರಬರುವ ಗ್ರೀಸೂ ಒಳಗಿನ ಸ್ಥಿತಿ ತಿಳಿಸುತ್ತದೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಕಪ್ಪಗೆ ಸುಟ್ಟ ವಾಸನೆ ಬಂದರೆ ಅತಿಯಾಗಿ ಬಿಸಿಯಾಗಿದೆ. ಬೆರಳ ನಡುವೆ ತಿಕ್ಕಿದಾಗ ಮರಳಿನಂತೆ ತಾಗಿದರೆ ಮಣ್ಣು ಅಥವಾ ಲೋಹದ ಪುಡಿ ಇದೆ. ಬೆಲ್ಟು ಕಳಚಿ ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿದಾಗ ಕಣ್ಣಿಗೆ ಕಾಣುವಷ್ಟು ಆಡಿದರೆ ಆ ಬೇರಿಂಗಿಗೆ ಗ್ರೀಸು ಹಾಕಿ ಫಲವಿಲ್ಲ. ಅಂದಿನ ಕೆಲಸ ಮುಗಿಯಲಿ ಎನ್ನದೆ ಯಂತ್ರ ನಿಲ್ಲಿಸಬೇಕು. ಕಾದ ಬೇರಿಂಗಿನ ಸುತ್ತ ಒಣ ಮರದ ಪುಡಿ, ಸೋರಿದ ಎಣ್ಣೆ ಎರಡೂ ಇರುವುದರಿಂದ ಬೆಂಕಿಯ ಅಪಾಯವನ್ನು ತಳ್ಳಿಹಾಕುವಂತಿಲ್ಲ.

<b>ಬದಲಾಯಿಸುವಾಗ</b>

ಹಳೆಯ ಬೇರಿಂಗಿನ ಸಂಖ್ಯೆಯನ್ನು ಪೂರ್ತಿಯಾಗಿ, ಕೊನೆಯ ಅಕ್ಷರಗಳ ಸಮೇತ ಬರೆದುಕೊಂಡು ಅಂಗಡಿಗೆ ಹೋಗಬೇಕು. ಹೆಸರಾಂತ ಕಂಪನಿಗಳ ನಕಲಿ ಬೇರಿಂಗುಗಳೂ ಮಾರುಕಟ್ಟೆಯಲ್ಲಿವೆ. ಬೆಲೆ ಅಸಹಜವಾಗಿ ಕಡಿಮೆಯಿದ್ದರೆ, ಮುದ್ರಣ ಅಸ್ಪಷ್ಟವಾಗಿದ್ದರೆ, ಬಿಲ್ ಕೊಡಲು ಹಿಂಜರಿದರೆ ಕೊಳ್ಳಬಾರದು.

ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಹೊರಬಳೆಗೆ ಬಿದ್ದ ಪೆಟ್ಟು ಗುಂಡುಗಳ ಮೂಲಕ ಹಾದು ಉರುಳುವ ಹಾದಿಯಲ್ಲಿ ಕುಳಿ ಮಾಡುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡಲು ಇದು ಕಾರಣ. ಶಾಫ್ಟಿಗೆ ಬಿಗಿಯಾಗಿ ಕೂರುವ ಬೇರಿಂಗಾದರೆ ಒಳಬಳೆಯ ಮೇಲೆ ಮಾತ್ರ, ಕೊಳವೆ ಇಟ್ಟು ಒತ್ತಬೇಕು. ಎಣ್ಣೆಯಲ್ಲಿ ಅಥವಾ ಹೀಟರಿನಲ್ಲಿ 80ರಿಂದ 110 ಡಿಗ್ರಿಯವರೆಗೆ ಬಿಸಿ ಮಾಡಿದರೆ ಹಿಗ್ಗಿ ಸಲೀಸಾಗಿ ಕೂರುತ್ತದೆ. ಗ್ಯಾಸ್ ಜ್ವಾಲೆಗೆ ನೇರ ಹಿಡಿಯಬಾರದು. ಸೀಲು ಮತ್ತು ಗ್ರೀಸು ಒಳಗೊಂಡ ಮುಚ್ಚಿದ ಬೇರಿಂಗನ್ನು ಎಣ್ಣೆಯಲ್ಲಿ ಬಿಸಿ ಮಾಡುವಂತಿಲ್ಲ.

ಯುಸಿಪಿ ಬಗೆಯದನ್ನು ಗ್ರಬ್ ಸ್ಕ್ರೂಗಳು ಹಿಡಿದಿರುತ್ತವೆ. ಶಾಫ್ಟಿನ ಮೇಲಿನ ಗಾಯಗಳನ್ನು ಎಮೆರಿ ಕಾಗದದಿಂದ ನುಣುಪಾಗಿಸಿ, ಪೀಠದ ಬೋಲ್ಟುಗಳನ್ನು ಸಡಿಲವಾಗಿಟ್ಟು, ಶಾಫ್ಟು ಕೈಯಲ್ಲಿ ಸರಾಗವಾಗಿ ತಿರುಗುತ್ತದೆಯೇ ಎಂದು ನೋಡಿದ ಮೇಲೆ ಬೋಲ್ಟು, ನಂತರ ಗ್ರಬ್ ಸ್ಕ್ರೂ ಬಿಗಿಯಬೇಕು. ಮೊದಲ ದಿನದ ಕೆಲಸ ಮುಗಿದ ಮೇಲೆ ಇವನ್ನು ಮತ್ತೊಮ್ಮೆ ಬಿಗಿಯುವುದನ್ನು ಮರೆಯಬಾರದು. ಸಡಿಲವಾದ ಗ್ರಬ್ ಸ್ಕ್ರೂವಿನಿಂದ ಶಾಫ್ಟು ಬೇರಿಂಗಿನೊಳಗೇ ಜಾರಿ ತಿರುಗಿ ಕೊರೆದುಹೋಗುತ್ತದೆ.

<b>ಮಳೆಗಾಲದ ಬಿಡುವು</b>

ತಿಂಗಳುಗಟ್ಟಲೆ ನಿಲ್ಲಿಸುವ ಯಂತ್ರಕ್ಕೆ ನಿಲ್ಲಿಸುವ ಮೊದಲೇ ಗ್ರೀಸು ಹಾಕಬೇಕು. ಶಾಫ್ಟಿಗೆ ಸುತ್ತಿದ ನಾರನ್ನು ಕತ್ತರಿಸಿ ತೆಗೆದು, ಹಸಿ ಪುಡಿಯನ್ನು ಗುಡಿಸಿ, ಯಂತ್ರವನ್ನು ಮಳೆ ತಾಗದ ಕಡೆ ಇರಿಸಬೇಕು. ಎರಡು ಮೂರು ವಾರಕ್ಕೊಮ್ಮೆ ಶಾಫ್ಟನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿದರೆ ಗುಂಡುಗಳು ಒಂದೇ ಜಾಗದಲ್ಲಿ ಕುಳಿತು ತುಕ್ಕು ಹಿಡಿಯುವುದು ತಪ್ಪುತ್ತದೆ. ಇದೇ ಎಚ್ಚರ ಮೇವು ಕತ್ತರಿಸುವ ಯಂತ್ರ, ರಾಗಿ ಒಕ್ಕುವ ಯಂತ್ರಗಳಿಗೂ ಅನ್ವಯಿಸುತ್ತದೆ. ಮರದ ಆಟಿಕೆಗಳಿಗೆ ಹೆಸರಾದ ಚನ್ನಪಟ್ಟಣದ ಕಡಸಾಲುಗಳಲ್ಲಿಯೂ ನವಿರಾದ ಮರದ ಪುಡಿಯೇ ಬೇರಿಂಗಿನ ಶತ್ರು.

<b>ಬಾಡಿಗೆಗೆ ಪಡೆಯುವವರು ಕೇಳಬೇಕಾದದ್ದು</b>

ಒಕ್ಕಣೆ ಯಂತ್ರಗಳಿಗೆ ಸಿಕ್ಕಿ ರೈತರು ಕೈ ಕಳೆದುಕೊಳ್ಳುತ್ತಿದ್ದ ಹಿನ್ನೆಲೆಯಲ್ಲಿ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ತಂದಿತು. ಚಿಪ್ಪರ್‌ನ ಅಪಾಯವೂ ಅದಕ್ಕಿಂತ ಕಡಿಮೆಯದಲ್ಲ. ಯಂತ್ರ ತಂದವರಿಂದ ಕೊನೆಯ ಬಾರಿ ಗ್ರೀಸು ಹಾಕಿದ್ದು ಯಾವಾಗ ಎಂದು ಕೇಳುವುದು, ಖಾಲಿ ಓಡಿಸಿ ಸದ್ದು ಕೇಳುವುದು, ಬೆಲ್ಟು ಹಾಗೂ ಪಿಟಿಒ ಶಾಫ್ಟಿನ ಮೇಲೆ ಕವಚ ಇದೆಯೇ ಎಂದು ನೋಡುವುದು ಬಾಡಿಗೆದಾರರ ಹಕ್ಕು. ಸಡಿಲ ಪಂಚೆ, ಸೀರೆಯ ಸೆರಗು, ಟವಲು, ಕೈಗವಸಿನ ದಾರ ಇವು ಯಾವುವೂ ಯಂತ್ರದ ಬಳಿ ಸುಳಿಯಬಾರದು. ಓಡುತ್ತಿರುವಾಗ ಗ್ರೀಸು ಹಾಕಲು ಯಾರಿಗೂ ಅವಕಾಶ ಕೊಡಬಾರದು.

ಮಾಗಡಿ ತಾಲ್ಲೂಕಿನ ರೈತರಿಗೆ ಚಂದೂರಾಯನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರ ಸಮೀಪದಲ್ಲಿದೆ. ಇತರ ಜಿಲ್ಲೆಗಳವರು ತಮ್ಮ ಭಾಗದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರಗಳಲ್ಲಿ ಯಂತ್ರೋಪಕರಣಗಳ ಕುರಿತು ವಿಚಾರಿಸಬಹುದು.

<b>ಸಂಕ್ಷಿಪ್ತವಾಗಿ</b>

* ಮುಖ್ಯ ಶಾಫ್ಟಿಗೆ ಲಿಥಿಯಂ ಇಪಿ ಗ್ರೀಸು, ಸಂಖ್ಯೆ 2. ಬೇರೆ ಬಗೆಯದನ್ನು ಬೆರೆಸಬಾರದು.
* ಪ್ರಮಾಣ: ಹೊರವ್ಯಾಸ × ಅಗಲ × 0.005 ಗ್ರಾಂ.
* ಅವಧಿ ಕೈಪಿಡಿಯಲ್ಲಿರುವಂತೆ. ದೂಳು, ತೇವ, ಶಾಖ ಹೆಚ್ಚಿದ್ದರೆ ಅದಕ್ಕಿಂತ ಬೇಗ.
* ದಿನದ ಕೆಲಸ ಮುಗಿದ ಮೇಲೆ ಶಾಫ್ಟಿಗೆ ಸುತ್ತಿದ ನಾರು, ತೊಗಟೆ ತೆಗೆಯಬೇಕು.
* ಬ್ಲೇಡುಗಳನ್ನು ತೂಗಿ, ಜೊತೆಯಾಗಿಯೇ ಬದಲಾಯಿಸಬೇಕು.
* ಬೇರಿಂಗಿನ ಮೇಲೆ ಒತ್ತಡದ ನೀರು ಹಾಯಿಸಬಾರದು.
* ಸದ್ದು, ಶಾಖ, ಅಲುಗಾಟ ಕಂಡ ಕೂಡಲೇ ಯಂತ್ರ ನಿಲ್ಲಿಸಬೇಕು.
* ಡ್ರಮ್ಮು ಪೂರ್ತಿ ನಿಲ್ಲುವವರೆಗೆ ಕವಚ ತೆರೆಯಬಾರದು.